ದಣಿವಿನ ಭಾಗ್ಯ

ಸಂಜೆಯ ಹೊತ್ತು ಯಾವ ಊರಿನ ಯಾವ ಬೀದಿಯಲ್ಲಿ ನಿಂತರೂ ಕಿವಿಗೆ ಬೀಳುವ ಒಂದು ಗದರಿಕೆಯುಂಟು. ಮೈಯೆಲ್ಲ ಬೆವರಾಗಿ, ಏದುಸಿರು ಬಿಡುತ್ತ, ಮೊಣಕಾಲಿನ ಮಣ್ಣನ್ನೂ ಒರಸಿಕೊಳ್ಳದೆ ಒಳಗೆ ನುಗ್ಗುವ ಮಗುವನ್ನು ತಾಯಿ ಬಾಗಿಲಲ್ಲೇ ತಡೆದು, “ಕುಣಿದು ಕುಣಿದು ಸಾಕಾಯಿತೇನೋ? ಮೊದಲು ಕೈಕಾಲು ತೊಳೆದು ಬಾ” ಎನ್ನುತ್ತಾಳೆ. ಗದರಿಕೆಯೇನೋ ಹೌದು, ಆದರೆ ಅದರೊಳಗೊಂದು ತೃಪ್ತಿಯೂ ಅಡಗಿರುತ್ತದೆ. ಮಗು ಆಡಿದೆ, ದಣಿದಿದೆ, ಇನ್ನು ಹೊಟ್ಟೆತುಂಬ ಉಂಡು ಹಾಯಾಗಿ ಮಲಗೀತು ಎಂಬ ತೃಪ್ತಿ.

ಅದೇ ಬೀದಿಯಲ್ಲಿ ಇಂಥ ಗದರಿಕೆಯನ್ನು ಹುಟ್ಟಿದಂದಿನಿಂದ ಕೇಳದ ಮಗುವೂ ಒಂದಿರುತ್ತದೆ. ಜಗಲಿಯ ಮೇಲೆ, ಕಿಟಕಿಯ ಬಳಿ, ಇಲ್ಲವೆ ಗಾಲಿಕುರ್ಚಿಯಲ್ಲಿ ಕುಳಿತು ಅದು ಉಳಿದವರ ಆಟವನ್ನು ನೋಡುತ್ತದೆ. ಚೆಂಡು ತನ್ನತ್ತ ಉರುಳಿ ಬಂದಾಗ ಎತ್ತಿ ಎಸೆಯುವುದಷ್ಟೇ ಅದರ ಪಾಲಿನ ಆಟ. ಬೀದಿಯವರೆಲ್ಲ ಅದನ್ನು ಪ್ರೀತಿಯಿಂದ ಮಾತನಾಡಿಸುತ್ತಾರೆ. “ಪಾಪ, ದಣಿಸಬೇಡಿ” ಎನ್ನುತ್ತಾರೆ. ಆ ಮಗುವಿಗೆ ಸಿಗದೆ ಹೋದ ಭಾಗ್ಯಗಳಲ್ಲಿ ದಣಿವೂ ಒಂದು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಬಂಗಾರಪೇಟೆಯಂಥ ಊರಿನಲ್ಲಿ ಈ ಮಾತು ಹೆಚ್ಚಾಗಿ ಮನಸ್ಸಿಗೆ ತಟ್ಟಬೇಕು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರು ದುಡಿಮೆಯ ಮಗ್ಗುಲಲ್ಲೇ ಬೆಳೆದದ್ದು. ಇಲ್ಲಿಂದ ಕವಲೊಡೆದ ರೈಲುದಾರಿ ಚಿನ್ನದ ಗಣಿಗಳ ನಡುವೆ ಹಾದು ಮಾರಿಕುಪ್ಪಂನಲ್ಲಿ ಕೊನೆಗಾಣುತ್ತದೆ. 1880ರ ದಶಕದಿಂದ ಹಿಡಿದು 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ತಲೆಮಾರುಗಳ ಕಾಲ, ಜನರು ಅಲ್ಲಿ ಭೂಮಿಯ ಒಡಲಿಗಿಳಿದು ಬೆವರು ಸುರಿಸಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರುಗಳನ್ನೂ ಮೀರಿತ್ತು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೇ ಬೆಂಗಳೂರಿನ ರೈಲು ಹಿಡಿದು ಹೋಗಿ ರಾತ್ರಿ ದಣಿದು ಮರಳುತ್ತಾರೆ. ಮೈ ಬಗ್ಗಿಸಿ ದುಡಿಯುವವನಿಗೆ ಮರ್ಯಾದೆ ಸಲ್ಲಿಸುವ ನಾಡು ಇದು. ಇಂಥ ಕಡೆ ಬಗ್ಗದ ಮೈಗೆ, ಬಿಗಿದ ಕಾಲಿಗೆ ದೊರೆಯುವುದು ಮರುಕ ಮಾತ್ರ. ಮರುಕವಾದರೋ ಮಗುವನ್ನು ಕುಳಿತಲ್ಲಿಯೇ ಕುಳ್ಳಿರಿಸುತ್ತದೆ.

ಇಂಥ ಮಕ್ಕಳಿಗೆ ದಣಿವೇ ಗೊತ್ತಿಲ್ಲವೆಂದೇನೂ ಅಲ್ಲ. ಮೆದುಳಿಗಾದ ಆಘಾತದಿಂದ ಸ್ನಾಯುಗಳು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಎಂಬ ಅವಸ್ಥೆಯನ್ನೇ ನೋಡಬಹುದು. ಅದುಳ್ಳ ಮಗು ಹತ್ತು ಹೆಜ್ಜೆ ನಡೆಯಲು ಅದರ ಓರಗೆಯವರಿಗಿಂತ ಎರಡು ಮೂರು ಪಟ್ಟು ಶಕ್ತಿಯನ್ನು ವ್ಯಯಮಾಡಬೇಕಾಗುತ್ತದೆ. ಒಂದು ಸ್ನಾಯು ಎಳೆದರೆ ಅದರ ಎದುರಿನದು ಬಿಡುವುದಿಲ್ಲ. ಮೈಯೊಳಗೇ ಒಂದು ಹಗ್ಗಜಗ್ಗಾಟ. ಶಾಲೆಯ ಬಾಗಿಲಿನಿಂದ ಬೆಂಚಿನವರೆಗೆ ನಡೆಯುವಷ್ಟರಲ್ಲಿ ಕಾಲು ಸೋಲುತ್ತದೆ. ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಇನ್ನೂ ಸರಿಯಾದ ಕೆಲಸವೇ ಬಿದ್ದಿರುವುದಿಲ್ಲ. ಓಡಿ ದಣಿದವನಿಗೆ ನಾಳೆ ಇನ್ನಷ್ಟು ಓಡುವ ಬಲ ಬರುತ್ತದೆ. ಎಳೆದಾಡಿ ಸೋತವನಿಗೆ ನಾಳೆಯೂ ಅದೇ ಸೋಲು. ಹೆಸರು ಒಂದೇ ಆದರೂ ಇವೆರಡೂ ಬೇರೆ ಬೇರೆ ದಣಿವುಗಳು. ಮೊದಲನೆಯದು ದೇಹವನ್ನು ಕಟ್ಟುತ್ತದೆ, ಎರಡನೆಯದು ಸವೆಸುತ್ತದೆ.

ವೈದ್ಯಶಾಸ್ತ್ರವೂ ಬಹುಕಾಲ ಈ ಮಕ್ಕಳನ್ನು ದಣಿಸಲು ಅಂಜುತ್ತಿತ್ತು. ಬಲವಂತದ ಶ್ರಮದಿಂದ ಸ್ನಾಯುಗಳ ಬಿಗಿತ ಹೆಚ್ಚೀತೆಂಬುದು ಅಂದಿನ ಭಾವನೆ. ಮುಂದೆ ನಡೆದ ಅಧ್ಯಯನಗಳಲ್ಲಿ ಆ ಭಯಕ್ಕೆ ಆಧಾರ ದೊರೆಯಲಿಲ್ಲ. ತಕ್ಕ ರೀತಿಯಲ್ಲಿ ಮಾಡಿಸಿದ ಬಲವರ್ಧನೆಯ ವ್ಯಾಯಾಮದಿಂದ ಬಿಗಿತ ಹೆಚ್ಚುವುದಿಲ್ಲವೆಂದೇ ತಿಳಿದುಬಂದಿತು. ಕಡೆಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಗಳಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ಹೆಸರನ್ನು ಬೇರೆಯಾಗಿಯೇ ಎತ್ತಿ ಹೇಳಿತು: 5ರಿಂದ 17 ವರ್ಷದವರೆಗಿನ ಈ ಮಕ್ಕಳೂ ದಿನಕ್ಕೆ ಸರಾಸರಿ 60 ನಿಮಿಷ ಮೈಚಟುವಟಿಕೆ ನಡೆಸಬೇಕು, ವಾರದಲ್ಲಿ ಮೂರು ದಿನವಾದರೂ ಅದು ಏದುಸಿರು ಬರುವಷ್ಟು ಬಿರುಸಾಗಿರಬೇಕು. ಉಳಿದ ಮಕ್ಕಳಿಗೆ ಹೇಳಿದ ಅಳತೆಯೇ ಇವರಿಗೂ. ರಿಯಾಯಿತಿಯಿಲ್ಲ, ವಿನಾಯಿತಿಯೂ ಇಲ್ಲ.

ಇದು ಕೇವಲ ಆರೋಗ್ಯದ ಉಪದೇಶವಾಗಿದ್ದರೆ ಓದಿ ಮರೆಯಬಹುದಿತ್ತು. ಬಂಗಾರಪೇಟೆಯ ಯಾವುದೋ ಓಣಿಯಲ್ಲಿ, ಕಾಲು ಬಿಗಿದ ಹದಿಮೂರು ವರ್ಷದ ಹುಡುಗನಿರುವ ಮನೆಯೊಂದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆರೇಳು ವರ್ಷದವನಾಗಿದ್ದಾಗ ಗೋಡೆ ಹಿಡಿದು, ಊರುಗೋಲು ಹಿಡಿದು ಹೇಗೋ ನಡೆಯುತ್ತಿದ್ದವನು ಅವನು. ಈಗ ಮೈ ಬೆಳೆದಿದೆ, ಎಲುಬು ಉದ್ದವಾಗಿದೆ, ತೂಕ ಏರಿದೆ. ಸ್ನಾಯುಬಲ ಮಾತ್ರ ಅದರ ಜೊತೆಗೆ ಏರಿಲ್ಲ. ಇಂಥ ಮಕ್ಕಳಲ್ಲಿ ಅನೇಕರು ನಡಿಗೆಯನ್ನು ಕಳೆದುಕೊಳ್ಳುವುದು ಸರಿಯಾಗಿ ಈ ವಯಸ್ಸಿನಲ್ಲಿಯೇ. ಮಗುವಾಗಿದ್ದಾಗ ಎತ್ತಿಕೊಂಡು ತಿರುಗಿದ ತಾಯಿಗೆ ಈಗ ಅವನನ್ನು ಎತ್ತಲಾಗದು. ಅವನು ನಾಳೆ ಹೈಸ್ಕೂಲಿಗೆ ಹೋಗುವನೋ ಮನೆಯಲ್ಲೇ ಉಳಿಯುವನೋ, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವನೋ ಇಲ್ಲವೋ, ಇದೆಲ್ಲ ಬರುವ ಎರಡು ಮೂರು ವರ್ಷಗಳಲ್ಲಿ ತೀರ್ಮಾನವಾಗತಕ್ಕದ್ದು. ಕೈಕಟ್ಟಿ ಕುಳಿತುಕೊಳ್ಳುವಷ್ಟು ಸಮಯ ಆ ಮನೆಗಿಲ್ಲ.

ಹಾಗಾದರೆ ಓಡಲಾಗದವನನ್ನು ಓಡಿಸುವುದು ಹೇಗೆ? ನೆಲದ ಮೇಲೆ ಅದು ಸಾಧ್ಯವಿಲ್ಲ, ನೀರಿನಲ್ಲಿ ಸಾಧ್ಯವುಂಟು.

ನೀರು ಮನುಷ್ಯನ ಭಾರವನ್ನು ಹಂಚಿಕೊಳ್ಳುವ ಬಗೆ ಸೋಜಿಗದ್ದು. ಎದೆಮಟ್ಟದ ನೀರಿನಲ್ಲಿ ನಿಂತವನ ಪಾದಗಳ ಮೇಲೆ ಬೀಳುವುದು ಅವನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಕುತ್ತಿಗೆಮಟ್ಟಕ್ಕೆ ಇಳಿದರೆ ಹತ್ತನೆಯ ಒಂದು ಪಾಲು. ನಲವತ್ತು ಕಿಲೋ ತೂಗುವ ಹುಡುಗ ಅಲ್ಲಿ ನಾಲ್ಕು ಕಿಲೋ ಹೊತ್ತು ನಿಂತರೆ ಸಾಕು. ಬಿದ್ದರೆ ಮೊಣಕಾಲು ಒಡೆಯುವುದಿಲ್ಲ, ಬೀಳುವುದೇ ನಿಧಾನವಾಗಿ. ನೆಲದ ಮೇಲೆ ಮುಗ್ಗರಿಸುವ ಭಯದಿಂದ ಮುದುಡಿಕೊಂಡ ಮೈ ಅಲ್ಲಿ ಸಡಿಲವಾಗುತ್ತದೆ.

ಭಾರವನ್ನು ಇಳಿಸುವ ಇದೇ ನೀರು ವೇಗಕ್ಕೆ ಅಡ್ಡ ನಿಲ್ಲುತ್ತದೆ. ಕೈಯನ್ನು ಮೆಲ್ಲನೆ ಆಡಿಸಿದರೆ ದಾರಿ ಬಿಡುತ್ತದೆ. ಎರಡರಷ್ಟು ವೇಗದಿಂದ ಬೀಸಿದರೆ ನಾಲ್ಕರಷ್ಟು ಎದುರು ಒತ್ತುತ್ತದೆ. ಮಗು ಎಷ್ಟು ಬಲ ಹಾಕಬಲ್ಲುದೋ ಅಷ್ಟೇ ಭಾರವನ್ನು ನೀರು ಎದುರಿಗಿಡುತ್ತದೆ, ಹೆಚ್ಚಿಲ್ಲ, ಕಡಮೆಯಿಲ್ಲ. ಗರಡಿಮನೆಯ ಗುಂಡು ಎಲ್ಲರಿಗೂ ಒಂದೇ ತೂಕ. ನೀರು ಹಾಗಲ್ಲ, ದುರ್ಬಲನಿಗೆ ಹಗುರವಾಗಿ, ಬಲವಂತನಿಗೆ ಬಲವಾಗಿ ನಿಲ್ಲುವ ಪ್ರತಿಮಲ್ಲ ಅದು.

ಈ ಗುಣವನ್ನು ಹಿಡಿದು ರೂಪಿಸಿದ್ದೇ ನೀರಿನೊಳಗಿನ ಬಿರುಸು ವ್ಯಾಯಾಮ. ಅದರ ಕ್ರಮ ಸರಳ. ಮೊದಲು ಹತ್ತು ನಿಮಿಷ ಮೆಲ್ಲನೆ ನಡೆದಾಡಿ ಮೈ ಕಾಯಿಸಿಕೊಳ್ಳುವುದು. ಆಮೇಲೆ ಅರ್ಧ ನಿಮಿಷ, ತನ್ನಿಂದಾದಷ್ಟೂ ಜೋರಾಗಿ, ಎದೆಮಟ್ಟದ ನೀರಿನಲ್ಲಿ ಓಡುವುದು. ಓಡಲಾಗದವನು ಕಂಬಿ ಹಿಡಿದು ಕಾಲು ಬಡಿಯುವುದು. ಕಾಲೂ ಆಡದವನು ತೋಳಿನಿಂದ ನೀರನ್ನು ಸೀಳುವುದು. ಮತ್ತೆ ಒಂದು ನಿಮಿಷ ವಿಶ್ರಾಂತಿ. ಹೀಗೆ ಆರು, ಎಂಟು, ಹತ್ತು ಸರದಿ. ಕೊನೆಗೆ ಮೈ ತಣಿಸಿಕೊಂಡು ಮೇಲೇರುವುದು. ಒಟ್ಟಿನಲ್ಲಿ ಅರ್ಧ ಗಂಟೆಯ ಕೆಲಸ. ನೀರಿನೊಳಗೆ ನಾಡಿಯ ಬಡಿತ ನೆಲದ ಮೇಲಿಗಿಂತ ಸಾಮಾನ್ಯವಾಗಿ ತುಸು ಕಡಮೆಯಿರುವುದರಿಂದ ನಾಡಿಯೊಂದನ್ನೇ ನಂಬುವ ಹಾಗಿಲ್ಲ. “ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ಈಗ ನಿನಗೆ ಎಷ್ಟು ಕಷ್ಟ?” ಎಂದು ಮಗುವನ್ನೇ ಕೇಳುವುದುಂಟು. ಏಳೋ ಎಂಟೋ ಎಂದರೆ ಸರಿಯಾದ ಹದ. ಮೂರು ಮಾತಿಗಿಂತ ಹೆಚ್ಚು ಆಡಲಾಗದೆ ಉಸಿರು ಕಟ್ಟಿದರೆ ಇನ್ನೂ ಒಳ್ಳೆಯ ಸಾಕ್ಷಿ.

ನೀರಿನ ಈ ಉಪಕಾರ ಹೊಸ ಶೋಧವೇನಲ್ಲ. 1921ರಲ್ಲಿ ಪೋಲಿಯೋ ತಗುಲಿ ಕಾಲುಗಳ ಬಲ ಕಳೆದುಕೊಂಡ ಫ್ರಾಂಕ್ಲಿನ್ ರೂಸ್ವೆಲ್ಟರು 1924ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗೆ ಹೋದರು. ನೆಲದ ಮೇಲೆ ಅಲುಗದ ಕಾಲು ಅಲ್ಲಿ ಅಲುಗಿದ್ದನ್ನು ಕಂಡು 1926ರಲ್ಲಿ ಆ ಸ್ಥಳವನ್ನೇ ಕೊಂಡು, ತಮ್ಮಂಥ ಇತರರಿಗೂ ತೆರೆದಿಟ್ಟರು. ಮುಂದೆ 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಬಾಲಕಿಯರಿಗೆ ಈಜು ಕಲಿಸಲು ಹೊರಟ ಜೇಮ್ಸ್ ಮ್ಯಾಕ್‌ಮಿಲನ್ನರು ವೈದ್ಯರಲ್ಲ. ದ್ರವಗಳ ಚಲನೆಯನ್ನು ಬಲ್ಲ ಇಂಜಿನಿಯರು. ಅವರ ಕ್ರಮ ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಮೊದಲು ನೀರಿಗೆ ಉಸಿರು ಊದುವುದನ್ನು ಕಲಿಯಬೇಕು, ಆಮೇಲೆ ಮೈ ಹೊರಳಿದರೆ ಮತ್ತೆ ಮುಖ ಮೇಲಾಗಿ ತಿರುಗುವುದನ್ನು ಕಲಿಯಬೇಕು, ಈಜು ಅದಾದ ಮೇಲೆ. ನಮ್ಮ ಹಳ್ಳಿಯ ಬಾವಿಗಳಲ್ಲಿ ಮಕ್ಕಳ ಸೊಂಟಕ್ಕೆ ಬೆಂಡು ಕಟ್ಟಿ ಈಜು ಕಲಿಸುವ ವಾಡಿಕೆಯುಂಟಷ್ಟೆ. ಮ್ಯಾಕ್‌ಮಿಲನ್ನರು ಬೆಂಡನ್ನು ಒಪ್ಪಲಿಲ್ಲ. ಒಂದು ಕಡೆ ಬಿಗಿದ, ಒಂದು ಕಡೆ ಸೊರಗಿದ ಮೈಯನ್ನು ಬೆಂಡು ತನಗೆ ಬಂದಂತೆ ತಿರುಗಿಸೀತು; ಅದರ ಬದಲು ಮಗುವೊಂದಕ್ಕೆ ಒಬ್ಬ ಜೊತೆಗಾರ ಇರಲಿ, ಕೈ ಬಿಡಬೇಕಾದಾಗ ಕೈ ಬಿಡಲಿ ಎಂಬುದು ಅವರ ಮತ. ಬೆಂಡಿಗೆ ತಿಳಿಯದ ಒಂದು ವಿದ್ಯೆ ಮನುಷ್ಯನಿಗೆ ತಿಳಿದಿದೆ: ಯಾವಾಗ ಬಿಡಬೇಕೆಂಬುದು.

ಆ ವಿದ್ಯೆ ಕಲಿಯುವುದು ಮಗುವಿಗಿಂತ ಮನೆಯವರಿಗೇ ಕಷ್ಟ. ಊಹಿಸಿಕೊಂಡ ಆ ಮನೆಯ ಅಜ್ಜಿ ಮೊದಲೇ ಅಡ್ಡ ಬರುತ್ತಾಳೆ. “ದೇವರು ಕೊಟ್ಟ ಕಷ್ಟ ಸಾಲದೆಂದು ನೀನೂ ಯಾಕಮ್ಮಾ ಮಗುವನ್ನು ಗೋಳುಹೊಯ್ದುಕೊಳ್ಳುತ್ತೀಯೆ? ನೆಗಡಿಯಾದರೆ ಯಾರು ನೋಡುವವರು?” ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಸಲ್ಲದು, ಹದಿಮೂರು ವರ್ಷ ಆ ಮಗುವನ್ನು ಕಾಪಾಡಿದ್ದು ಆ ಅಕ್ಕರೆಯೇ. ತಾಯಿಗೂ ಅಳುಕು ಇಲ್ಲದಿಲ್ಲ. ತಕ್ಕ ಕೊಳ ಹತ್ತಿರದಲ್ಲಿ ದೊರೆಯದಿದ್ದರೆ ಎಪ್ಪತ್ತು ಕಿಲೋಮೀಟರು ದೂರದ ಬೆಂಗಳೂರಿನ ರೈಲು ಹತ್ತಬೇಕು. ತುಂಬಿದ ಡಬ್ಬಿಯಲ್ಲಿ ಹುಡುಗನಿಗೆ ಜಾಗ ಬೇಡಬೇಕು. ಒಂದು ದಿನದ ಕೂಲಿ ಹೋಗುತ್ತದೆ. ಅಷ್ಟೆಲ್ಲ ಮಾಡಿ ನೀರಿಗಿಳಿಸಿದರೆ ಮೊದಲ ದಿನ ಹುಡುಗ ಕಂಬಿಯನ್ನು ಬಿಗಿಹಿಡಿದು ಅತ್ತು, ಅರ್ಧ ಸರದಿಯೂ ಮುಗಿಸದೆ ಮೇಲೇಳುತ್ತಾನೆ.

ಆದರೆ ವಾರಗಳು ಉರುಳುತ್ತವೆ. ಅರ್ಧ ಸರದಿ ಒಂದಾಗುತ್ತದೆ, ಒಂದು ನಾಲ್ಕಾಗುತ್ತದೆ. ಕಾಲು ನೇರವಾಗಿಬಿಡುವುದಿಲ್ಲ, ಅಂಥ ಪವಾಡವನ್ನು ಯಾವ ಕೊಳವೂ ನಡೆಸಲಾರದು. ರೋಗವನ್ನು ವ್ಯಾಯಾಮ ವಾಸಿಮಾಡುತ್ತದೆಂದು ಹೇಳುವವರ ಮಾತನ್ನು ನಂಬಬಾರದು. ಬದಲಾಗುವುದು ಬೇರೆಯದು. ಉಸಿರು ಬಲಿಯುತ್ತದೆ, ಹಸಿವು ಕೂಡುತ್ತದೆ, ರಾತ್ರಿಯ ನಿದ್ರೆ ಗಾಢವಾಗುತ್ತದೆ, ಹಾಸಿಗೆಯಿಂದ ಕುರ್ಚಿಗೆ ಸರಿಯುವಾಗ ತೋಳು ಆಸರೆಯಾಗುತ್ತದೆ. ಒಂದು ದಿನ, ಕಲಿಸುವಾತ “ಇಂದಿಗೆ ಸಾಕು” ಎಂದಾಗ, ಮಾತನಾಡಲು ಉಸಿರು ಸಾಲದೆ ಹುಡುಗ ಒಂದು ಬೆರಳನ್ನು ಎತ್ತಿ ತೋರಿಸುತ್ತಾನೆ: ಇನ್ನೊಂದು ಸಲ. ಬೇಕು ಎನ್ನುವುದನ್ನೂ ಸಾಕು ಎನ್ನುವುದನ್ನೂ ಅಲ್ಲಿಯವರೆಗೆ ಬೇರೆಯವರೇ ಅವನ ಪರವಾಗಿ ಹೇಳುತ್ತಿದ್ದರು.

ಹೀಗೆಂದು ಎಲ್ಲ ಮಕ್ಕಳನ್ನೂ ಒಂದೇ ಸಮನೆ ನೀರಿಗಿಳಿಸಿ ದುಡಿಸಬಹುದೆಂದು ತಿಳಿಯಲಾಗದು. ಮೊದಲು ವೈದ್ಯರ ಒಪ್ಪಿಗೆ ಬೇಕೇ ಬೇಕು. ಸೆರೆಬ್ರಲ್ ಪಾಲ್ಸಿಯುಳ್ಳ ಅನೇಕ ಮಕ್ಕಳಿಗೆ ಮೂರ್ಛೆಯ ತೊಂದರೆಯೂ ಇರುತ್ತದೆ. ಅಂಥವರ ಪಕ್ಕದಿಂದ ಜೊತೆಗಾರ ಒಂದು ಗಳಿಗೆಯೂ ಕದಲಬಾರದು. ಡೌನ್ ಸಿಂಡ್ರೋಮ್ ಉಳ್ಳ ಮಕ್ಕಳಲ್ಲಿ ಕೆಲವರ ಹೃದಯದಲ್ಲಿ ದೋಷವಿರುತ್ತದೆ, ಕೆಲವರ ಕತ್ತಿನ ಕೀಲು ಸಡಿಲವಿರುತ್ತದೆ. ತಲೆ ಮುಂದಾಗಿ ನೀರಿಗೆ ಹಾರುವುದು ಅಪಾಯ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ನಾಡಿ ಏರುವುದಿಲ್ಲ, ಮೈಶಾಖವೂ ಹತೋಟಿಯಲ್ಲಿರುವುದಿಲ್ಲ. ಸ್ನಾಯುಗಳೇ ಕ್ರಮೇಣ ಕರಗುವ ಡ್ಯೂಷೆನ್ ಕಾಯಿಲೆಯಲ್ಲಂತೂ ಅತಿಯಾದ ಶ್ರಮ ಕೇಡನ್ನೇ ಮಾಡೀತು. ಅವರಿಗೆ ಮಂದಗತಿಯ ಈಜೇ ಸರಿ. ನೀರು ತೀರ ತಣ್ಣಗಿದ್ದರೆ ಬಿಗಿತ ಹೆಚ್ಚುತ್ತದೆ, ತೀರ ಬಿಸಿಯಾದರೆ ಬಿರುಸಾಗಿ ಆಡುವಾಗ ತಲೆ ಸುತ್ತುತ್ತದೆ. ಒಬ್ಬೊಬ್ಬರ ಅಳತೆ ಒಂದೊಂದು. ಅಳತೆ ಕಂಡುಕೊಳ್ಳಬೇಕೆಂಬುದೇನೋ ಸರಿಯೆ. ಅಳತೆ ಕಂಡುಕೊಳ್ಳುವ ತೊಂದರೆಗೆ ಅಂಜಿ ಎಲ್ಲರನ್ನೂ ದಡದಲ್ಲೇ ಕುಳ್ಳಿರಿಸುವುದು ಸರಿಯಲ್ಲ.

ದಡ ಬಿಟ್ಟವರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಬೆಂಗಳೂರಿನ ಶರತ್ ಗಾಯಕವಾಡರು ಎಡಗೈ ಪೂರ್ಣವಾಗಿ ಬೆಳೆಯದೆ ಹುಟ್ಟಿದವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದ ಅವರು 2014ರಲ್ಲಿ ಇಂಚಿಯೋನ್ ನಗರದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕಗಳನ್ನು ಗೆದ್ದರು. ಅದೇ ಊರಿನ ನಿರಂಜನ್ ಮುಕುಂದನ್ನರದು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ. ಚಿಕಿತ್ಸೆಯ ಅಂಗವಾಗಿ ಬಾಲ್ಯದಲ್ಲಿ ನೀರಿಗಿಳಿದ ಅವರು 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಇನ್ನೂ ಹಿಂದಕ್ಕೆ ಹೋದರೆ, 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ ಪೇಟ್ಕರರು 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ 50 ಮೀಟರು ಈಜಿನಲ್ಲಿ ಚಿನ್ನ ಗೆದ್ದು ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನದ ಪದಕ ತಂದರು. ನೀರಿಗಿಳಿದವರೆಲ್ಲ ಪದಕ ಗೆಲ್ಲಬೇಕಾಗಿಲ್ಲ. ಶಾಲೆಗೆ ಹೋಗುವ ಮಕ್ಕಳೆಲ್ಲ ಪಂಡಿತರಾಗಬೇಕೆಂದು ಯಾರೂ ಹಟ ಹಿಡಿಯುವುದಿಲ್ಲವಲ್ಲ!

ಇಷ್ಟು ಹೇಳಿದ ಮೇಲೆ ಕೋಲಾರ ಸೀಮೆಯವರು ಕೇಳಬಹುದಾದ ಪ್ರಶ್ನೆಯೊಂದಿದೆ: ಕುಡಿಯುವ ನೀರಿಗೇ ಪರದಾಡುವ ಕಡೆ ಆಡುವ ನೀರನ್ನು ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗಿಲ್ಲ. ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದಿವೆ. ಆ ಆಳದ ನೀರಿನಲ್ಲಿ ಫ್ಲೋರೈಡಿನ ಕಾಟ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಶುದ್ಧೀಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದು ಅಂತರ್ಜಲಕ್ಕಾಗಿ ಬಂದ ನೀರು, ಮಕ್ಕಳನ್ನು ಇಳಿಸತಕ್ಕ ನೀರಲ್ಲ.

ಆದರೂ ಈ ನಾಡಿನ ಚರಿತ್ರೆಯೇ ಆ ಪ್ರಶ್ನೆಗೆ ಅರ್ಧ ಉತ್ತರ ಹೇಳುತ್ತದೆ. ಗಣಿಗಳಿಗೆ ವಿದ್ಯುತ್ತು ಬೇಕೆಂದಾಗ 1902ರಲ್ಲಿ ಶಿವನಸಮುದ್ರದ ಜಲಪಾತದಿಂದ, ತೊಂಬತ್ತು ಮೈಲಿಗೂ ಹೆಚ್ಚು ದೂರದಿಂದ, ತಂತಿ ಎಳೆದು ತಂದರು. ನೀರು ಬೇಕೆಂದಾಗ ಪಾಲಾರಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆಯಿಂದ ಕೊಳವೆ ಹಾಕಿ ತಂದರು. ಬೇಕೆಂಬ ಹಟವಿದ್ದಲ್ಲಿ ದೂರ ಅಡ್ಡಿಯಾಗಲಿಲ್ಲ. ಒಂದು ಕೊಳವಾದರೋ ಒಮ್ಮೆ ತುಂಬಿದರೆ, ನೀರನ್ನು ಸೋಸಿ ಶುಚಿಮಾಡುತ್ತ ಬಹುಕಾಲ ಬಳಸತಕ್ಕದ್ದು. ದಿನದಿನವೂ ಹೊಸ ನೀರನ್ನು ಕೇಳುವುದಿಲ್ಲ. ಈಜುಕೊಳ ಕಟ್ಟುವ ಊರುಗಳು ಅದರಲ್ಲಿ ಒಂದು ಇಳಿಜಾರನ್ನೂ ಎರಡು ಕಂಬಿಗಳನ್ನೂ ಸೇರಿಸಿ ಕಟ್ಟಲು ಬೇಕಾದುದು ಹೆಚ್ಚಿನ ಹಣವಲ್ಲ, ಮೊದಲೇ ಬರುವ ನೆನಪು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೂ ಕ್ರೀಡಾಸೌಕರ್ಯಗಳು ಇವರಿಗೂ ಒದಗುವಂತಿರಬೇಕೆಂದು ಸರ್ಕಾರಕ್ಕೆ ವಿಧಿಸಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು ಹದಿಮೂರು ಲಕ್ಷಕ್ಕೂ ಹೆಚ್ಚು; ಅವರಲ್ಲಿ ಬೆಳೆಯುವ ವಯಸ್ಸಿನವರು ಕಾಯುತ್ತ ಕುಳಿತರೆ ವಯಸ್ಸು ಅವರಿಗಾಗಿ ಕಾಯುವುದಿಲ್ಲ.

ದೊಡ್ಡ ಏರ್ಪಾಡುಗಳೆಲ್ಲ ಆದ ಮೇಲೆಯೇ ಕೆಲಸ ಮೊದಲಾಗಬೇಕೆಂದೇನೂ ಇಲ್ಲ. ಎದೆಮಟ್ಟದ ಶುಚಿಯಾದ ನೀರು, ಹಿಡಿದುಕೊಳ್ಳಲೊಂದು ಕಂಬಿ, ಮಗುವಿನ ಸ್ಥಿತಿಯನ್ನು ಬಲ್ಲ ಒಬ್ಬ ವ್ಯಾಯಾಮ ಚಿಕಿತ್ಸಕ, ನೀರಿಗೆ ಅಂಜದ ನಾಲ್ವರು ಕಾಲೇಜು ಹುಡುಗರು ಜೊತೆಗಾರರಾಗಿ, ಒಂದು ಗಡಿಯಾರ. ಈಜುಕೊಳವಿರುವ ಯಾವುದೇ ಊರಿನವರು ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಅದನ್ನು ಈ ಮಕ್ಕಳಿಗೆಂದು ಬಿಟ್ಟುಕೊಟ್ಟರೆ ಆರಂಭಕ್ಕೆ ಅಷ್ಟು ಸಾಕು.